ವಾರದ ನಂಬರ್ ಹುಡುಕೋಕೆ ಎಕ್ಸೆಲ್, ಗೂಗಲ್ ಶೀಟ್ಸ್, ಲಿಬ್ರೆ ಆಫೀಸ್: ಮೈಸೂರಿನ ಒಬ್ಬ ಲೆಕ್ಕದವನ ರಿವ್ಯೂ

ಪೂರ್ತಿ ಓದುವಷ್ಟು ಪುರುಸೊತ್ತು ಎಲ್ಲರಿಗೂ ಇರುವುದಿಲ್ಲ, ಅದಕ್ಕೆ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ತಾರೀಕು ಕೊಟ್ಟರೆ ಅದು ವರ್ಷದ ಎಷ್ಟನೇ ವಾರ ಅಂತ ಹೇಳುವ ಕೆಲಸವನ್ನು ಎಕ್ಸೆಲ್, ಗೂಗಲ್ ಶೀಟ್ಸ್, ಲಿಬ್ರೆ ಆಫೀಸ್ ಕ್ಯಾಲ್ಕ್ ಮೂರೂ ಮಾಡುತ್ತವೆ. ಆದರೆ ಸುಮ್ನೆ ಬಿಟ್ಟರೆ ಮೂರೂ ಕೊಡುವುದು ಅಮೆರಿಕದವರ ವಾರವನ್ನು. ಹೊರದೇಶದ ಗಿರಾಕಿ ಕೇಳಿದರೆ ಐಎಸ್‌ಒ ನಂಬರ್, ಅಂದರೆ ಯುರೋಪಿನವರು ನಡೆಸುವ ವಾರದ ನಂಬರ್, ಕೊಡಿ. ನಿಮ್ಮ ಸ್ವಂತ ಲೆಕ್ಕಕ್ಕೆ ನಂಬರ್ ಗೋಜೇ ಬೇಡ, ವಾರ ಶುರುವಾಗುವ ತಾರೀಕನ್ನೇ ಒಂದು ಕಾಲಂನಲ್ಲಿ ಇಟ್ಟುಕೊಳ್ಳಿ. ಇಷ್ಟೇ ಬೇಕಾಗಿದ್ದವರು ಇಲ್ಲಿಗೆ ನಿಲ್ಲಿಸಬಹುದು.

ನಾನು ಮೈಸೂರಿನ ಒಂದು ಸಣ್ಣ ಅಗರಬತ್ತಿ ಯೂನಿಟ್‌ನ ಲೆಕ್ಕ ನೋಡಿಕೊಳ್ಳುತ್ತೇನೆ. ಕಡ್ಡಿ ಹೊಸೆಯುವ ಹೆಂಗಸರಿಗೆ ಸಾವಿರ ಕಡ್ಡಿಗೆ ಇಷ್ಟು ಅಂತ ಕೂಲಿ, ಶನಿವಾರ ಸಂಜೆ ಬಟವಾಡೆ. ತಿಂಗಳ ಲೆಕ್ಕ ಜಿಎಸ್‌ಟಿಗೆ ಮಾತ್ರ, ಉಳಿದದ್ದೆಲ್ಲ ನಡೆಯುವುದು ವಾರದ ಮೇಲೆ. ಇದರ ಜೊತೆಗೆ ಜರ್ಮನಿಗೆ ಮಾಲು ಕಳಿಸುವ ಒಬ್ಬ ಎಕ್ಸ್‌ಪೋರ್ಟರ್‌ಗೆ ಪ್ಯಾಕ್ ಮಾಡಿ ಕೊಡುತ್ತೇವೆ. ಅವರ ಆರ್ಡರ್‌ನಲ್ಲಿ ತಾರೀಕೇ ಇರುವುದಿಲ್ಲ. ‘ಕೆಡಬ್ಲ್ಯು 14’ ಅಂತ ಇರುತ್ತದೆ, ಅಷ್ಟೆ. ಜರ್ಮನಿಯಲ್ಲಿ ವಾರದ ನಂಬರನ್ನು ಬರೆಯುವುದೇ ಹಾಗೆ, ಅವರಿಗೆ ಅದು ಮಾಮೂಲಿ. ನಮ್ಮ ಗೋಡೆ ಕ್ಯಾಲೆಂಡರ್‌ನಲ್ಲಿ ತಿಥಿ, ನಕ್ಷತ್ರ, ರಾಹುಕಾಲ, ಯಮಗಂಡಕಾಲ ಎಲ್ಲ ಇದೆ, ಆ ನಂಬರ್ ಒಂದು ಇಲ್ಲ. ಪ್ಯಾಕಿಂಗ್ ನೋಡಿಕೊಳ್ಳುವ ಅಕ್ಕ ಆರ್ಡರ್ ಹಿಡಿದುಕೊಂಡು ಬಂದು “ಅಣ್ಣಾ, ಹದಿನಾಲ್ಕನೇ ವಾರ ಅಂದ್ರೆ ಯಾವತ್ತು?” ಅಂತ ಕೇಳಿದರೆ ನಾನು ಕಂಪ್ಯೂಟರ್ ಕಡೆ ತಿರುಗಲೇಬೇಕು.

ಮೂರರಲ್ಲೂ ಇರುವ ಹಳೇ ಫಂಕ್ಷನ್ ಹೆಸರು ವೀಕ್‌ನಮ್. ಬ್ರಾಕೆಟ್ ಒಳಗೆ ತಾರೀಕಿನ ಸೆಲ್ ಹಾಕಿದರೆ ನಂಬರ್ ಬರುತ್ತದೆ. ಬೇರೇನೂ ಹೇಳದಿದ್ದರೆ ಅದರ ನಿಯಮ ಹೀಗೆ: ಜನವರಿ 1 ಯಾವ ವಾರದಲ್ಲಿ ಬೀಳುತ್ತದೋ ಅದೇ ಒಂದನೇ ವಾರ, ಆ ವಾರಕ್ಕೆ ಒಂದೇ ದಿನ ಸಿಕ್ಕಿದ್ದರೂ ಸರಿ, ಮತ್ತು ವಾರ ಶುರುವಾಗುವುದು ಭಾನುವಾರ. ಐಎಸ್‌ಒ ನಿಯಮ ಬೇರೆ. ವಾರ ಸೋಮವಾರ ಶುರು, ವರ್ಷದ ಮೊದಲ ಗುರುವಾರ ಯಾವ ವಾರದಲ್ಲಿ ಬರುತ್ತದೋ ಅದು ಒಂದನೇ ವಾರ. ಇದು ಐಎಸ್‌ಒ 8601 ಅನ್ನುವ ಸ್ಟ್ಯಾಂಡರ್ಡ್, 1988ರಲ್ಲಿ ಬಂತು, ಯುರೋಪಿನವರು ನಡೆಸುವುದು ಇದನ್ನೇ. ಇದಕ್ಕೆ ಐಎಸ್‌ಒ ವೀಕ್‌ನಮ್ ಅಂತ ಬೇರೆ ಫಂಕ್ಷನ್ ಇದೆ. ಅಥವಾ ವೀಕ್‌ನಮ್‌ಗೇ ಎರಡನೇ ಅಂಕಿಯಾಗಿ 21 ಕೊಟ್ಟರೂ ಅದೇ ಉತ್ತರ.

ಎರಡರಲ್ಲಿ ಯಾವುದಾದರೇನು, ನಮ್ಮಲ್ಲಿ ಇಷ್ಟು ವರ್ಷ ಎರಡೂ ಒಂದೇ ಬಂದಿದೆಯಲ್ಲ ಅಂತ ನೀವು ಕೇಳಬಹುದು. ನಿಜ. ಇದೇ ಇದರ ಅಪಾಯ. 2023, 2024, 2025, 2026 ಈ ನಾಲ್ಕೂ ವರ್ಷ ಜನವರಿ 1 ಬಿದ್ದಿರುವ ರೀತಿ ಹೇಗಿದೆ ಅಂದರೆ, ಸೋಮವಾರದಿಂದ ಶನಿವಾರದವರೆಗೆ ಎರಡೂ ಫಂಕ್ಷನ್ ಒಂದೇ ನಂಬರ್ ಹೇಳುತ್ತವೆ, ಭಾನುವಾರಗಳು ಮತ್ತು ಡಿಸೆಂಬರ್ ಕೊನೆಯ ಎರಡು ಮೂರು ದಿನ ಬಿಟ್ಟರೆ. ಹಾಗಾಗಿ ಈ ನಾಲ್ಕು ವರ್ಷದಲ್ಲಿ ಶೀಟ್ ಮಾಡಿಕೊಂಡವರಿಗೆ ಯಾವ ಅನುಮಾನವೂ ಬಂದಿರುವುದಿಲ್ಲ. 2027ರ ಜನವರಿ 1 ಶುಕ್ರವಾರ. ಅವತ್ತಿಗೆ ವೀಕ್‌ನಮ್ 1 ಅನ್ನುತ್ತದೆ, ಐಎಸ್‌ಒ 53 ಅನ್ನುತ್ತದೆ. ಆಮೇಲೆ ವರ್ಷಪೂರ್ತಿ ಸೋಮವಾರದಿಂದ ಶನಿವಾರದವರೆಗೆ ಎರಡಕ್ಕೂ ಒಂದು ವಾರದ ವ್ಯತ್ಯಾಸ. 2028ರಲ್ಲೂ ಅಷ್ಟೆ.

ಒಂದು ಲೆಕ್ಕ ನೋಡಿ. ಗಿರಾಕಿ 2027ಕ್ಕೆ ‘ಕೆಡಬ್ಲ್ಯು 10’ ಅಂತ ಆರ್ಡರ್ ಹಾಕಿದ ಅಂತ ಇಟ್ಟುಕೊಳ್ಳಿ. ಅವನ ಮನಸ್ಸಿನಲ್ಲಿರುವುದು ಮಾರ್ಚ್ 8ರ ಸೋಮವಾರದಿಂದ ಶುರುವಾಗುವ ವಾರ. ಬರೀ ವೀಕ್‌ನಮ್ ಹಾಕಿದ ಶೀಟ್‌ನಲ್ಲಿ 10 ಅಂತ ಹುಡುಕಿದರೆ ಸಿಗುವ ಸೋಮವಾರ ಮಾರ್ಚ್ 1. ಆ ಶೀಟ್ ನಂಬಿಕೊಂಡು ಹೆಂಗಸರನ್ನೆಲ್ಲ ಭಾನುವಾರವೂ ಕರೆಸಿ, ಡಬಲ್ ಕೂಲಿ ಕೊಟ್ಟು, ಪೆಟ್ಟಿಗೆ ಕಟ್ಟಿ ಮುಗಿಸಿದರೆ ಮಾಲು ಒಂದು ವಾರ ಗೋಡೌನ್‌ನಲ್ಲಿ ಕೂರುತ್ತದೆ. ಅಗರಬತ್ತಿ ಆದ್ದರಿಂದ ಪರವಾಗಿಲ್ಲ, ಕೆಡುವ ಮಾಲಾದರೆ?

ಇನ್ನು ಒಂದೊಂದನ್ನೇ ನೋಡೋಣ.

ಎಕ್ಸೆಲ್‌ನಲ್ಲಿ ನನಗೆ ಇಷ್ಟವಾದದ್ದು ಒಂದೇ ಸಣ್ಣ ವಿಷಯ, ಆದರೆ ದಿನಾ ಉಪಯೋಗಕ್ಕೆ ಬರುವಂಥದ್ದು. ವೀಕ್‌ನಮ್ ಟೈಪ್ ಮಾಡಿ ತಾರೀಕಿನ ಸೆಲ್ ಕೊಟ್ಟು ಕಾಮಾ ಹೊಡೆದ ತಕ್ಷಣ ಕೆಳಗೆ ಒಂದು ಪಟ್ಟಿ ಇಳಿಯುತ್ತದೆ. 11 ಅಂದರೆ ಸೋಮವಾರ ಶುರು, 12 ಮಂಗಳವಾರ, ಹೀಗೆ 17 ಅಂದರೆ ಭಾನುವಾರದವರೆಗೆ, ಕೊನೆಗೆ 21. ನಂಬರ್ ನೆನಪಿಟ್ಟುಕೊಳ್ಳುವ ಕಷ್ಟವಿಲ್ಲ, ಆರಿಸಿಕೊಂಡರೆ ಆಯಿತು. ಆದರೆ ಹಳೇ ಎಕ್ಸೆಲ್ ಇಟ್ಟುಕೊಂಡವರು ಹುಷಾರು. ಐಎಸ್‌ಒ ವೀಕ್‌ನಮ್ ಬಂದದ್ದು ಎಕ್ಸೆಲ್ 2013ರಲ್ಲಿ, ಈ 21 ಬಂದದ್ದು 2010ರಲ್ಲಿ. ನಮ್ಮ ಕಡೆ ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ, ಮಂಡಿಗಳಲ್ಲಿ ಇನ್ನೂ 2007 ಓಡುತ್ತಿದೆ. ಅಲ್ಲಿ 1 ಮತ್ತು 2 ಬಿಟ್ಟು ಬೇರೇನೂ ನಡೆಯುವುದಿಲ್ಲ. ಹೊಸ ಎಕ್ಸೆಲ್‌ನಲ್ಲಿ ಐಎಸ್‌ಒ ವೀಕ್‌ನಮ್ ಹಾಕಿ ಮಾಡಿದ ಫೈಲನ್ನು ಅಲ್ಲಿ ತೆರೆದು ಲೆಕ್ಕ ಮತ್ತೆ ಓಡಿಸಿದರೆ ‘ನೇಮ್’ ಎರರ್ ಬಂದು ಕೂರುತ್ತದೆ.

ಎಕ್ಸೆಲ್‌ನ ಇನ್ನೊಂದು ಹುಚ್ಚು. ಹೊಸ ಎಕ್ಸೆಲ್‌ನಲ್ಲಿ ಒಂದು ಫಾರ್ಮುಲಾ ಬರೆದು ಇಡೀ ಕಾಲಂಗೆ ಒಟ್ಟಿಗೆ ಉತ್ತರ ಪಡೆಯಬಹುದು, ಅಲ್ವಾ? ವೀಕ್‌ನಮ್‌ಗೆ ಹಾಗೆ ಸೆಲ್‌ಗಳ ಸಾಲು ಕೊಟ್ಟರೆ ‘ವ್ಯಾಲ್ಯೂ’ ಎರರ್. ಎಕ್ಸೆಲ್ 2003ರವರೆಗೆ ಇದು ಅನಾಲಿಸಿಸ್ ಟೂಲ್‌ಪ್ಯಾಕ್ ಅನ್ನುವ ಆ್ಯಡ್-ಇನ್ ಒಳಗಿದ್ದ ಫಂಕ್ಷನ್, ಆ ಕಾಲದ ಬುದ್ಧಿ ಇನ್ನೂ ಬಿಟ್ಟಿಲ್ಲ. ಸಾಲಿನ ಮುಂದೆ ಒಂದು ಪ್ಲಸ್ ಗುರುತು ಹಾಕಿದರೆ ಮಾತು ಕೇಳುತ್ತದೆ. ಯಾಕೆ ಅಂತ ಯಾವ ಹೊಸಬನಿಗೆ ಹೊಳೆಯಬೇಕು! ಐಎಸ್‌ಒ ವೀಕ್‌ನಮ್‌ಗೆ ಈ ರೋಗವಿಲ್ಲ.

ಗೂಗಲ್ ಶೀಟ್ಸ್‌ನ ದೊಡ್ಡ ಗುಣ ಹಂಚಿಕೊಳ್ಳುವುದು. ಪ್ಯಾಕಿಂಗ್ ಅಕ್ಕ ಮೊಬೈಲ್‌ನಲ್ಲೇ ನೋಡುತ್ತಾರೆ, ನಾನು ಆಫೀಸ್‌ನಲ್ಲಿ ತುಂಬುತ್ತೇನೆ. ವೀಕ್‌ನಮ್, ಐಎಸ್‌ಒ ವೀಕ್‌ನಮ್ ಎರಡೂ ಇವೆ. ಆದರೆ ಮೊದಲು ಒಂದು ಕೆಲಸ ಮಾಡಲೇಬೇಕು: ಫೈಲ್ ಮೆನುವಿನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಲೊಕೇಲ್ ಅನ್ನುವ ಕಡೆ ಇಂಡಿಯಾ ಇದೆಯಾ ನೋಡಿ. ಅಮೆರಿಕ ಅಂತ ಇದ್ದರೆ 05/04/2026 ಅಂತ ಹಾಕಿದ್ದು ಏಪ್ರಿಲ್ 5 ಆಗುವುದಿಲ್ಲ, ಮೇ 4 ಆಗುತ್ತದೆ. ಎರರ್ ಬಂದರೆ ಗೊತ್ತಾಗುತ್ತಿತ್ತು. ಇಲ್ಲಿ ಎರರ್ ಬರುವುದಿಲ್ಲ, ವಾರದ ನಂಬರ್ ತಪ್ಪಿ ಬಂದು ಸುಮ್ಮನೆ ಕೂತಿರುತ್ತದೆ. 12ನೇ ತಾರೀಕು ದಾಟಿದ ಮೇಲೆ ಮಾತ್ರ ಅದಕ್ಕೆ ಅಂಥ ತಿಂಗಳೇ ಸಿಗದೆ ತಾರೀಕು ಬರೀ ಅಕ್ಷರವಾಗಿ ಎಡಗಡೆಗೆ ಅಂಟಿಕೊಳ್ಳುತ್ತದೆ. ತಾರೀಕು ಸೆಲ್‌ನ ಬಲಗಡೆ ಇದ್ದರೆ ನಿಜವಾದ ತಾರೀಕು, ಎಡಗಡೆ ಇದ್ದರೆ ಅಕ್ಷರ. ಈ ಒಂದು ಗುರುತು ನೋಡುವ ಅಭ್ಯಾಸ ಇಟ್ಟುಕೊಂಡರೆ ಅರ್ಧ ತಲೆನೋವು ಕಡಿಮೆ.

ಹಾಜರಾತಿಗೆ ಬೆರಳೊತ್ತುವ ಮಷೀನ್ ಇರುವವರಿಗೆ ಇದು ಇನ್ನೂ ಜಾಸ್ತಿ ಕಾಡುತ್ತದೆ. ಆ ಮಷೀನ್‌ಗಳು ಕೊಡುವ ಸಿಎಸ್‌ವಿ ಫೈಲ್‌ನಲ್ಲಿ (ಕಾಮಾ ಹಾಕಿ ಬೇರ್ಪಡಿಸಿದ ಬರೀ ಅಕ್ಷರದ ಫೈಲ್) ತಾರೀಕು ಯಾವ ಅವತಾರದಲ್ಲಿ ಇರುತ್ತದೆ ಅಂತ ಹೇಳುವಂತಿಲ್ಲ. ಇಲ್ಲಿ ಲಿಬ್ರೆ ಆಫೀಸ್‌ಗೆ ಪೂರ್ತಿ ಮಾರ್ಕ್ಸ್. ಸಿಎಸ್‌ವಿ ತೆರೆಯುವಾಗಲೇ ಒಂದು ಕಿಟಕಿ ಬಂದು, ಯಾವ ಕಾಲಂ ಏನು ಅಂತ ಕೇಳುತ್ತದೆ. ತಾರೀಕಿನ ಕಾಲಂ ಮೇಲೆ ಕ್ಲಿಕ್ ಮಾಡಿ ದಿನ, ತಿಂಗಳು, ವರ್ಷ ಅನ್ನುವ ಕ್ರಮ ಆರಿಸಿದರೆ ಮುಗಿಯಿತು. ಎಕ್ಸೆಲ್‌ನಲ್ಲಿ ಫೈಲನ್ನು ನೇರವಾಗಿ ತೆರೆದರೆ ಅದೇ ಕೆಲಸಕ್ಕೆ ಆಮೇಲೆ ಡೇಟಾ ಮೆನುವಿನ ಟೆಕ್ಸ್ಟ್ ಟು ಕಾಲಮ್ಸ್ ಹಿಡಿಯಬೇಕು, ಅಷ್ಟು ಹೊತ್ತಿಗೆ ಕೆಲವು ತಾರೀಕು ಅದಾಗಲೇ ತಿರುಗಾಮುರುಗಾ ಆಗಿರುತ್ತವೆ.

ಲಿಬ್ರೆ ಆಫೀಸ್‌ನಲ್ಲಿ ಮಾತ್ರ ನಾನು ಕಂಡ ಇನ್ನೊಂದು ಅನುಕೂಲ: ಫಾರ್ಮುಲಾ ಇಲ್ಲದೆಯೇ ಸೆಲ್ ಫಾರ್ಮ್ಯಾಟ್‌ನಲ್ಲಿ ಇಂಗ್ಲಿಷಿನ ಡಬ್ಲ್ಯು ಅಕ್ಷರವನ್ನು ಎರಡು ಸಲ ಹಾಕಿದರೆ ತಾರೀಕೇ ವಾರದ ನಂಬರ್ ಆಗಿ ಕಾಣಿಸುತ್ತದೆ. ಎಕ್ಸೆಲ್‌ನ ಸೆಲ್ ಫಾರ್ಮ್ಯಾಟ್‌ನಲ್ಲಿ ದಿನ, ತಿಂಗಳು, ವರ್ಷಕ್ಕೆ ಕೋಡ್ ಇದೆ, ವಾರದ ನಂಬರ್‌ಗೆ ಇಲ್ಲ. ಇದನ್ನು ಪ್ರಿಂಟ್ ತೆಗೆಯುವುದಕ್ಕೆ ಬಳಸಿ, ಲೆಕ್ಕಕ್ಕೆ ಬೇಡ, ಯಾಕೆಂದರೆ ಒಳಗಿರುವುದು ಈಗಲೂ ತಾರೀಕೇ.

ಮೂರಕ್ಕೂ ಸೇರಿ ಒಂದು ಬೈಗುಳ. ತಾರೀಕಿನ ಸೆಲ್ ಖಾಲಿ ಇದ್ದರೂ ಐಎಸ್‌ಒ ವೀಕ್‌ನಮ್ 52 ಅಂತ ಕೊಡುತ್ತದೆ. ಖಾಲಿ ಅಂದರೆ ಅದಕ್ಕೆ ಸೊನ್ನೆ, ಸೊನ್ನೆ ಅಂದರೆ 1899ರ ಕೊನೆಯ ಒಂದು ದಿನ. ಹಾಗಾಗಿ ಮುಂದೆ ತುಂಬೋಣ ಅಂತ ಸಾವಿರ ಸಾಲಿಗೆ ಫಾರ್ಮುಲಾ ಎಳೆದು ಬಿಟ್ಟರೆ, 52ನೇ ವಾರದಲ್ಲಿ ಊರೆಲ್ಲ ಸೇರಿದೆಯೇನೋ ಅನ್ನುವಷ್ಟು ಸಾಲು ತುಂಬಿಕೊಳ್ಳುತ್ತದೆ. ಮುಂದೆ ಒಂದು ಇಫ್ ಹಾಕಿ, ಖಾಲಿ ಇದ್ದರೆ ಖಾಲಿ ಬಿಡು ಅಂತ ಹೇಳಲೇಬೇಕು.

ವರ್ಷದ ಕೊನೆ ಇನ್ನೂ ಮೋಜು. 2025ರ ಡಿಸೆಂಬರ್ 29, 30, 31 ಐಎಸ್‌ಒ ಲೆಕ್ಕದಲ್ಲಿ 2026ರ ಒಂದನೇ ವಾರಕ್ಕೆ ಸೇರುತ್ತವೆ. ಬಹಳ ಜನ ವರ್ಷ ಮತ್ತು ವಾರ ಅಂಟಿಸಿ ಒಂದು ಕೋಡ್ ಮಾಡುತ್ತಾರೆ, ಇಯರ್ ಫಂಕ್ಷನ್‌ನಿಂದ 2025, ಐಎಸ್‌ಒದಿಂದ 1. ಅಂಟಿಸಿದಾಗ 2025ರ ಒಂದನೇ ವಾರ ಆಯಿತು. ಡಿಸೆಂಬರ್ ಕೊನೆಯ ಮಾಲು ಹೋಗಿ ಅದೇ ವರ್ಷದ ಜನವರಿ ಮೊದಲ ವಾರದ ಲೆಕ್ಕದಲ್ಲಿ ಕೂರುತ್ತದೆ! ಸರಿಯಾದ ವರ್ಷ ಬೇಕಾದರೆ ಆ ವಾರದ ಗುರುವಾರ ಯಾವ ವರ್ಷದಲ್ಲಿದೆ ಅಂತ ನೋಡಬೇಕು. ತಾರೀಕಿನಿಂದ ವೀಕ್‌ಡೇ (ಎರಡನೇ ಅಂಕಿ 2 ಕೊಟ್ಟು) ಕಳೆದು 4 ಕೂಡಿದರೆ ಗುರುವಾರ ಸಿಗುತ್ತದೆ, ಅದಕ್ಕೆ ಇಯರ್ ಹಾಕಿ. ಇಷ್ಟು ಸಾಮಾನ್ಯ ಕೆಲಸಕ್ಕೆ ಒಂದು ರೆಡಿ ಫಂಕ್ಷನ್ ಮೂರರಲ್ಲೂ ಕೊಟ್ಟಿಲ್ಲ.

ಹಳೇ ವೀಕ್‌ನಮ್ ಇಲ್ಲಿ ಇನ್ನೊಂದು ತರ ಕೈ ಕೊಡುತ್ತದೆ. ನಮ್ಮ ಬಟವಾಡೆ ವಾರ ಭಾನುವಾರದಿಂದ ಶನಿವಾರ. ಭಾನುವಾರ ಓಟಿ ಮಾಡಿದರೆ ಅದು ಮುಂದಿನ ಶನಿವಾರದ ಕೂಲಿಗೆ. ಹಾಗೆ ನೋಡಿದರೆ ವೀಕ್‌ನಮ್ ನಮ್ಮ ಪಾಲಿಗೆ ಸರಿಯಾಗಿ ಕೂರಬೇಕು, ಐಎಸ್‌ಒ ಹಾಕಿದರೆ ಆ ಭಾನುವಾರ ಹಿಂದೆ ಹೋಗಿ, ನಿನ್ನೆ ತಾನೇ ಕೂಲಿ ಕೊಟ್ಟು ಮುಗಿಸಿದ ವಾರಕ್ಕೆ ಸೇರಿಕೊಳ್ಳುತ್ತದೆ. ಆದರೆ 2026ರ ಡಿಸೆಂಬರ್ 27ರ ಭಾನುವಾರದಿಂದ 2027ರ ಜನವರಿ 2ರ ಶನಿವಾರದವರೆಗಿನ ಬಟವಾಡೆ ನೋಡಿ. ವೀಕ್‌ನಮ್ ಅದನ್ನು ಎರಡು ತುಂಡು ಮಾಡುತ್ತದೆ, ಗುರುವಾರದವರೆಗೆ 53, ಶುಕ್ರವಾರ ಶನಿವಾರ 1. ಒಂದೇ ಕವರ್‌ನಲ್ಲಿ ಕೊಡುವ ದುಡ್ಡಿಗೆ ಎರಡು ವಾರದ ಹೆಸರು. 2028ರ ಡಿಸೆಂಬರ್ 31 ಭಾನುವಾರಕ್ಕಂತೂ ಅದು 54 ಅಂತ ಹೇಳುತ್ತದೆ, ಒಂದೇ ದಿನದ ವಾರ.

ಮಂಡ್ಯದ ಹತ್ತಿರ ನಮ್ಮ ಭಾವನ ಆಲೆಮನೆ ಇದೆ. ಅವರಿಗೂ ಒಂದು ಶೀಟ್ ಮಾಡಿಕೊಟ್ಟಿದ್ದೇನೆ, ಅಲ್ಲಿ ಕಥೆಯೇ ಬೇರೆ. ಕಬ್ಬು ಕಡಿಯುವವರು, ಗಾಣದ ಹತ್ತಿರ ನಿಲ್ಲುವವರು, ಕೊಪ್ಪರಿಗೆ ಮುಂದೆ ಬೇಯುವವರು ಎಲ್ಲರಿಗೂ ದುಡ್ಡು ಬೇಕಾಗುವುದು ಸಂತೆ ದಿನ. “ಸಂತೆ ಮಂಗಳ್ವಾರ ಕಣ್ಲಾ, ಭಾನ್ವಾರದ ಲೆಕ್ಕ ತಕ್ಕೊಂಡು ನಾನೇನ್ ಮಾಡ್ಲಿ?” ಅಂದರು ಭಾವ. ಸೋಮವಾರ ರಾತ್ರಿಗೆ ಲೆಕ್ಕ ಮುಗಿಸಿ, ಮಂಗಳವಾರ ಬೆಳಿಗ್ಗೆ ಕೈಗೆ ದುಡ್ಡು. ವೀಕ್‌ನಮ್‌ಗೆ 12 ಕೊಟ್ಟರೆ ಮಂಗಳವಾರದಿಂದ ಶುರುವಾಗುವ ವಾರ ಬರುತ್ತದೆ, ಇದೊಂದು ನಿಜವಾಗಲೂ ಒಳ್ಳೆಯ ಸೌಲಭ್ಯ. ಐಎಸ್‌ಒ ಇಲ್ಲಿ ಮೂರು ಕಾಸಿಗೂ ಪ್ರಯೋಜನವಿಲ್ಲ. ಆದರೆ ಜನವರಿ 1ಕ್ಕೆ ವಾರ ಕತ್ತರಿಸುವ ಚಾಳಿ 12ಕ್ಕೂ ಇದೆ.

ಅದಕ್ಕೇ ಈಗ ಎರಡೂ ಕಡೆ ನಂಬರ್ ಬಿಟ್ಟು, ವಾರ ಶುರುವಾದ ತಾರೀಕಿನ ಕಾಲಂ ಹಾಕಿದ್ದೇನೆ. ಇದಕ್ಕೆ ವಾರದ ಫಂಕ್ಷನ್ ಯಾವುದೂ ಬೇಡ, ಮಾಡ್ ಅನ್ನುವ ಶೇಷ ತೆಗೆಯುವ ಫಂಕ್ಷನ್ ಸಾಕು. ಸ್ಪ್ರೆಡ್‌ಶೀಟ್ ಒಳಗೆ ತಾರೀಕು ಅಂದರೆ ಒಂದು ಅಂಕಿ, ಅಷ್ಟೆ. 2026ರ ಜನವರಿ 1ರ ಗುರುವಾರ 46023. ಸೋಮವಾರ ಬೇಕಾದರೆ ಅದರಿಂದ 2 ಕಳೆಯಿರಿ, 46021. ಅದನ್ನು 7ರಿಂದ ಭಾಗಿಸಿದರೆ ಶೇಷ 3. ಆ 3 ಅನ್ನು ಮೂಲ ತಾರೀಕಿನಿಂದ ಕಳೆದರೆ 46020, ಅಂದರೆ 2025ರ ಡಿಸೆಂಬರ್ 29, ಸೋಮವಾರ. ಭಾನುವಾರದ ವಾರ ಬೇಕಾದರೆ 2ರ ಬದಲು 1 ಕಳೆಯಿರಿ, ಭಾವನ ಮಂಗಳವಾರಕ್ಕೆ 3. ಮೂರೂ ಆ್ಯಪ್‌ನಲ್ಲಿ ಒಂದೇ ಉತ್ತರ, 2007ರ ಎಕ್ಸೆಲ್‌ನಲ್ಲೂ ಅದೇ ಉತ್ತರ. ಮಷೀನ್‌ನಿಂದ ಬಂದ ತಾರೀಕಿಗೆ ಗಂಟೆ ನಿಮಿಷ ಅಂಟಿಕೊಂಡಿದ್ದರೆ ಅದನ್ನೂ ಇದೇ ಲೆಕ್ಕ ಉದುರಿಸಿಬಿಡುತ್ತದೆ. ವರ್ಷ ಬದಲಾದರೂ ವಾರ ತುಂಡಾಗುವುದಿಲ್ಲ, ಸಾರ್ಟ್ ಮಾಡಿದರೆ 1 ಆದಮೇಲೆ 10, ಆಮೇಲೆ 2 ಅನ್ನುವ ಗಲಾಟೆಯೂ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಪ್ಯಾಕಿಂಗ್ ಅಕ್ಕನಿಗೆ ‘30 ಮಾರ್ಚ್ ವಾರ’ ಅಂದರೆ ತಟ್ಟನೆ ಗೊತ್ತಾಗುತ್ತದೆ.

ಏಪ್ರಿಲ್‌ನಿಂದ ಲೆಕ್ಕ ಹಿಡಿಯುವ ಆಡಿಟರ್‌ಗೂ ಇದೇ ಕಾಲಂ ಉಪಯೋಗ. ನಮ್ಮ ಹಣಕಾಸು ವರ್ಷದ ವಾರ ಕೊಡುವ ಆಯ್ಕೆ ಮೂರರಲ್ಲೂ ಇಲ್ಲ. 2026ರ ಏಪ್ರಿಲ್ 1 ಬುಧವಾರ, ಅದರ ಸೋಮವಾರ ಮಾರ್ಚ್ 30. ನಿಮ್ಮ ವಾರದ ಸೋಮವಾರದಿಂದ ಮಾರ್ಚ್ 30 ಕಳೆದು, 7ರಿಂದ ಭಾಗಿಸಿ, 1 ಕೂಡಿದರೆ ಹಣಕಾಸು ವರ್ಷದ ವಾರ ಸಿಕ್ಕಿತು.

ಹೋದ ವರ್ಷ ಇದೇ ವಾರ ಎಷ್ಟು ಮಾಲು ಹೋಯಿತು ಅಂತ ವಾರದ ನಂಬರ್ ಇಟ್ಟುಕೊಂಡು ಹೋಲಿಸುವವರಿಗೆ ಮೈಸೂರಿನವನಾಗಿ ಒಂದು ಮಾತು. ಜಂಬೂ ಸವಾರಿ 2023ರಲ್ಲಿ ಅಕ್ಟೋಬರ್ 24, 2024ರಲ್ಲಿ ಅಕ್ಟೋಬರ್ 12, 2025ರಲ್ಲಿ ಅಕ್ಟೋಬರ್ 2. ವಾರದ ಲೆಕ್ಕದಲ್ಲಿ 43, 41, 40. ಆಯುಧಪೂಜೆ ವ್ಯಾಪಾರ ಇರುವ ಅಂಗಡಿಯವನು 41ನೇ ವಾರವನ್ನು 41ನೇ ವಾರದ ಜೊತೆ ಇಟ್ಟು ನೋಡಿದರೆ ಒಂದು ವರ್ಷ ದಸರಾ, ಇನ್ನೊಂದು ವರ್ಷ ದಸರಾ ಮುಗಿದು ಊರೆಲ್ಲ ಖಾಲಿಯಾದ ವಾರ. ವ್ಯಾಪಾರ ಬಿದ್ದುಹೋಯಿತು ಅಂತ ಗಾಬರಿ ಬೀಳುತ್ತಾನೆ. ಹಬ್ಬದ ವ್ಯಾಪಾರಕ್ಕೆ ದಸರೆಗೆ ಎಷ್ಟು ವಾರ ಮುಂಚೆ, ಎಷ್ಟು ವಾರ ಆಮೇಲೆ ಅಂತ ಒಂದು ಕಾಲಂ ಮಾಡಿಕೊಳ್ಳಿ.

ನಂಬರ್ ಕೊಟ್ಟರೆ ತಾರೀಕು ಹೇಳುವ ಉಲ್ಟಾ ಫಂಕ್ಷನ್? ಅದೂ ಮೂರರಲ್ಲಿ ಇಲ್ಲ. ಗಿರಾಕಿ ಕಳಿಸುವುದು ನಂಬರ್ ಮಾತ್ರ ಆದ್ದರಿಂದ ನನಗೆ ಜಾಸ್ತಿ ಬೇಕಾಗಿದ್ದು ಇದೇ. ಜನವರಿ 4 ಯಾವ ವರ್ಷವಾದರೂ ಐಎಸ್‌ಒ ಒಂದನೇ ವಾರದಲ್ಲೇ ಇರುತ್ತದೆ. ಅದರ ಸೋಮವಾರ ಹಿಡಿದು, ವಾರದ ನಂಬರ್‌ನಲ್ಲಿ ಒಂದು ಕಳೆದು 7ರಿಂದ ಗುಣಿಸಿ ಕೂಡಿ. ಹಿಂದೆ ಹೇಳಿದ 2027ರ ಹತ್ತನೇ ವಾರಕ್ಕೆ ಜನವರಿ 4 ತಾನೇ ಸೋಮವಾರ, ಅದಕ್ಕೆ 63 ದಿನ ಕೂಡಿದರೆ ಮಾರ್ಚ್ 8.

ಬರೀ ಈ ಕೆಲಸಕ್ಕೋಸ್ಕರ ಎಕ್ಸೆಲ್‌ಗೆ ದುಡ್ಡು ಸುರಿಯಬೇಡಿ. ಲಿಬ್ರೆ ಆಫೀಸ್ ಪುಕ್ಕಟೆ, ಇಂಟರ್ನೆಟ್ ಇಲ್ಲದೆ ಓಡುತ್ತದೆ, ಸಿಎಸ್‌ವಿ ವಿಷಯದಲ್ಲಿ ಮಿಕ್ಕ ಎರಡಕ್ಕಿಂತ ಜಾಣ. ಆಲೆಮನೆಯ ಹಳೇ ಲ್ಯಾಪ್‌ಟಾಪ್‌ಗೆ ಅದನ್ನೇ ಹಾಕಿಕೊಟ್ಟಿದ್ದೇನೆ. ನಾಲ್ಕು ಜನ ನಾಲ್ಕು ಕಡೆಯಿಂದ ತುಂಬುವ ಲೆಕ್ಕವಾದರೆ ಗೂಗಲ್ ಶೀಟ್ಸ್, ಲೊಕೇಲ್ ಮಾತ್ರ ಮರೆಯಬೇಡಿ. ಎಕ್ಸೆಲ್ ಅದಾಗಲೇ ಇದ್ದರೆ ಬದಲಾಯಿಸುವ ಅಗತ್ಯವಿಲ್ಲ, ಆದರೆ ಬರೀ ವೀಕ್‌ನಮ್ ಅಂತ ಇರುವ ಹಳೇ ಫಾರ್ಮುಲಾಗಳನ್ನು ಹುಡುಕಿ, ಗಿರಾಕಿಗೆ ಹೋಗುವ ಶೀಟ್‌ಗಳಲ್ಲಿ 21 ಸೇರಿಸಿಬಿಡಿ. 2026ರ ಡಿಸೆಂಬರ್ ಒಳಗೆ ಮಾಡಿದರೆ ಸಾಕು.